ಎರಡು ಬೆರಳು, ಆರು ತಂತಿ: ಜ್ಯಾಂಗೋ ರೈನ್‌ಹಾರ್ಟ್‌ನ ಕತೆ

ಪೈಥಾನ್ ಕಲಿತವರಿಗೆಲ್ಲ ಜ್ಯಾಂಗೋ ಅನ್ನೋ ಹೆಸರು ಗೊತ್ತು. ಮಿನಿ ಪ್ರಾಜೆಕ್ಟ್‌ಗೆ ವೆಬ್‌ಸೈಟ್ ಮಾಡಬೇಕು ಅಂದ ತಕ್ಷಣ ಸೀನಿಯರ್‌ಗಳು ಹೇಳೋ ಮೊದಲ ಎರಡು ಮೂರು ಹೆಸರಲ್ಲಿ ಅದೂ ಒಂದು. ಅಮೆರಿಕದ ಕ್ಯಾನ್ಸಸ್ ರಾಜ್ಯದ ಲಾರೆನ್ಸ್ ಅನ್ನೋ ಊರಿನ ದಿನಪತ್ರಿಕೆಯೊಂದರ ಕಚೇರಿಯಲ್ಲಿ ಕೆಲಸ ಮಾಡುತ್ತಿದ್ದ ಪ್ರೋಗ್ರಾಮರ್‌ಗಳು ಆ ಫ್ರೇಮ್‌ವರ್ಕ್ ಬರೆದು 2005ರಲ್ಲಿ ಎಲ್ಲರಿಗೂ ಮುಕ್ತವಾಗಿ ಬಿಟ್ಟರು. ಅವರಲ್ಲಿ ಒಬ್ಬರಿಗೆ ಗಿಟಾರ್ ಹುಚ್ಚು. ಹಾಗಾಗಿ ತಮ್ಮ ಕೋಡಿಗೆ ಒಬ್ಬ ಗಿಟಾರ್ ವಾದಕನ ಹೆಸರಿಟ್ಟರು. ದಿನಾ ಟರ್ಮಿನಲ್‌ನಲ್ಲಿ ಟೈಪ್ ಮಾಡೋ ಆ ಹೆಸರಿನ ಹಿಂದೆ ಒಬ್ಬ ಮನುಷ್ಯ ಇದ್ದ, ಅವನ ಎಡಗೈಯ ಎರಡು ಬೆರಳು ಸುಟ್ಟು ಮುರುಟಿಹೋಗಿದ್ದವು ಅನ್ನೋದು ನಮ್ಮಲ್ಲಿ ಎಷ್ಟು ಜನರಿಗೆ ಗೊತ್ತು?

ಈ ಸಂಚಿಕೆಗೆ ಅವನ ಕತೆಯನ್ನೇ ಯಾಕೆ ಆರಿಸಿಕೊಂಡೆವು ಅಂತ ಮೊದಲೇ ಹೇಳಿಬಿಡುತ್ತೇವೆ. ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಗಿಟಾರ್‌ಗೆ ಬರವಿಲ್ಲ. ಹಾಸ್ಟೆಲ್‌ನ ಪ್ರತಿ ಮಹಡಿಯಲ್ಲೂ ಒಂದಾದರೂ ಇರುತ್ತದೆ. ಆದರೆ ನುಡಿಸುವವರಲ್ಲಿ ಹೆಚ್ಚಿನವರು ರಿದಮ್ ನುಡಿಸುವವರು. ಹಾಡುವವರು ಹಾಡ್ತಾರೆ, ಇವರು ಪಕ್ಕದಲ್ಲಿ ಕೂತು ಕಾರ್ಡ್ ಹಿಡಿದು ತಾಳ ತಪ್ಪದ ಹಾಗೆ ಸ್ಟ್ರಮ್ ಮಾಡ್ತಾರೆ. ನಾಲ್ಕು ವರ್ಷ ಹೀಗೇ ಕಳೆಯುತ್ತದೆ. ಹಾಡಿನ ಮಧ್ಯೆ ಎಂಟು ಬಾರ್ ಖಾಲಿ ಬಿಟ್ಟು ನೀನೇ ಏನಾದರೂ ನುಡಿಸು ಅಂದರೆ ಕೈ ಕಟ್ಟಿಹಾಕಿದ ಹಾಗೆ ಆಗುತ್ತದೆ. ಕಾರ್ಡ್ ಎಲ್ಲ ಗೊತ್ತು, ತಾಳ ಗೊತ್ತು, ಆದರೂ ಬಾಯಿ ಬಾರದವರ ಹಾಗೆ ಸುಮ್ಮನಾಗಿಬಿಡುತ್ತಾರೆ. ಪಕ್ಕವಾದ್ಯದ ಜಾಗದಿಂದ ಎದ್ದು ಮುಂದೆ ಬಂದು ಸ್ವಂತ ಮನೋಧರ್ಮದಿಂದ ನುಡಿಸೋದು ಹೇಗೆ? ಈ ಪ್ರಶ್ನೆಗೆ ಜ್ಯಾಂಗೋನ ಬದುಕಿಗಿಂತ ದೊಡ್ಡ ಉತ್ತರ ನಮಗೆ ಸಿಕ್ಕಿಲ್ಲ.

ಗಾಡಿಯ ಮೇಲಿನ ಬಾಲ್ಯ

ಅವನ ನಿಜವಾದ ಹೆಸರು ಜಾನ್ ರೈನ್‌ಹಾರ್ಟ್. ಹುಟ್ಟಿದ್ದು 1910ರ ಜನವರಿ 23ರಂದು, ಬೆಲ್ಜಿಯಂ ದೇಶದ ಲಿಬರ್ಷಿ ಅನ್ನೋ ಹಳ್ಳಿಯಲ್ಲಿ. ಅದು ಅವರ ಸ್ವಂತ ಊರೇನಲ್ಲ. ಅವನ ಮನೆಯವರಿಗೆ ಊರು ಅಂತ ಇರಲೇ ಇಲ್ಲ. ಕುದುರೆ ಗಾಡಿಯೇ ಮನೆ. ಅವರ ಗಾಡಿ ಆ ಚಳಿಗಾಲದಲ್ಲಿ ಅಲ್ಲಿ ನಿಂತಿತ್ತು, ಮಗು ಅಲ್ಲಿ ಹುಟ್ಟಿತು, ಅಷ್ಟೇ. ಅವರು ರೊಮಾನಿ ಜನ. ಯುರೋಪಿನವರು ಜಿಪ್ಸಿಗಳು ಅಂತ ಕರೆದು ದೂರ ಇಟ್ಟ ಜನ. ಅವರೊಳಗಿನ ಮನೂಶ್ ಅನ್ನೋ ಪಂಗಡ ಇವನದು.

ಮನೂಶ್ ಅನ್ನೋ ಶಬ್ದ ಕಿವಿಗೆ ಎಲ್ಲೋ ಕೇಳಿದ ಹಾಗಿದೆ ಅಲ್ವಾ? ನಮ್ಮ ಮನುಷ್ಯ ಅನ್ನೋ ಪದದ ಬೇರೂ ಅದರ ಬೇರೂ ಒಂದೇ. ಸುಮಾರು 1,000 ವರ್ಷಗಳ ಹಿಂದೆ ಭಾರತದ ವಾಯವ್ಯ ಭಾಗದಿಂದ ಹೊರಟು ಪರ್ಷಿಯಾ ದಾಟಿ ಯುರೋಪ್ ಸೇರಿದವರ ವಂಶದವರು ರೊಮಾನಿಗಳು. ಅವರ ಭಾಷೆಯಲ್ಲಿ ನೀರಿಗೆ ಇವತ್ತಿಗೂ ಪಾನಿ ಅಂತಲೇ ಹೇಳ್ತಾರೆ. ಜ್ಯಾಂಗೋ ಅನ್ನೋದು ಮನೆಯವರು ಕರೆದ ಹೆಸರು. ನಾನು ಎಚ್ಚರಗೊಳ್ಳುತ್ತೇನೆ ಅಂತ ಅದರ ಅರ್ಥ ಅಂತಾರೆ.

ಹುಡುಗನಿಗೆ ಎಂಟು ವರ್ಷ ಆಗುವ ಹೊತ್ತಿಗೆ ಅವರ ಗಾಡಿಗಳು ಪ್ಯಾರಿಸ್ಸಿನ ಹಳೇ ಕೋಟೆಗೋಡೆಯ ಹೊರಗಿನ ಬಯಲಿಗೆ ಬಂದು ನಿಂತಿದ್ದವು. ಊರಿನೊಳಗೂ ಅಲ್ಲ, ಹಳ್ಳಿಯೂ ಅಲ್ಲ. ಚಿಂದಿ ಆಯುವವರು, ಗುಜರಿಯವರು, ಬಡವರು ಗುಡಿಸಲು ಹಾಕಿಕೊಂಡಿದ್ದ ಜಾಗ. ಶಾಲೆಗೆ ಹೋಗಿದ್ದು ಇಲ್ಲವೇ ಇಲ್ಲ ಅನ್ನಬಹುದು. ಓದು ಬರಹ ಬರುತ್ತಿರಲಿಲ್ಲ. ಆದರೆ ಸಂಗೀತ ಮನೆಯಲ್ಲೇ ಇತ್ತು. ಸುಮಾರು 12ನೇ ವಯಸ್ಸಿನಲ್ಲಿ ನೆರೆಯವರೊಬ್ಬರು ಅವನಿಗೆ ಬ್ಯಾಂಜೋ-ಗಿಟಾರ್ ಕೊಟ್ಟರು. ಮೈ ಬ್ಯಾಂಜೋದು, ಅಂದರೆ ಚರ್ಮ ಬಿಗಿದ ದುಂಡನೆಯ ಡೋಲು. ಕುತ್ತಿಗೆ, ಆರು ತಂತಿ ಗಿಟಾರ್‌ದು. ಹೇಳಿಕೊಡುವವರು ಯಾರೂ ಇಲ್ಲ. ನುಡಿಸುವವರ ಬೆರಳು ನೋಡೋದು, ಗಾಡಿಗೆ ಬಂದು ಹಾಗೇ ಮಾಡೋದು. ಒಂದು ವರ್ಷ ಕಳೆಯೋದರಲ್ಲಿ ಹುಡುಗ ದುಡಿಯುವ ವಾದ್ಯಗಾರನೇ ಆಗಿಬಿಟ್ಟ.

ಅಕಾರ್ಡಿಯನ್ ಪಕ್ಕದ ಹುಡುಗ

ಆ ಕಾಲದ ಪ್ಯಾರಿಸ್‌ನಲ್ಲಿ ಕೂಲಿ ಕಾರ್ಮಿಕರು ಸಂಜೆ ಕುಣಿಯೋಕೆ ಹೋಗುವ ಹಾಲ್‌ಗಳಿದ್ದವು. ಅಲ್ಲಿನ ರಾಜ ಅಂದರೆ ಅಕಾರ್ಡಿಯನ್. ವಾಲ್ಟ್ಸ್, ಪೋಲ್ಕ, ಟ್ಯಾಂಗೋ ಎಲ್ಲ ಅದರ ಮೇಲೇ. ನಮ್ಮ ಹಾರ್ಮೋನಿಯಂ ಪಕ್ಕ ತಬಲಾ ಕೂತ ಹಾಗೆ ಅಕಾರ್ಡಿಯನ್ ಪಕ್ಕ ಒಂದು ಬ್ಯಾಂಜೋ ಬೇಕಿತ್ತು. ಗಿಟಾರ್ ಯಾಕಲ್ಲ ಅಂದರೆ ಕಾರಣ ಸರಳ. ಮೈಕೂ ಇಲ್ಲ, ಆಂಪ್ಲಿಫೈಯರೂ ಇಲ್ಲ. ಕುಣಿಯುವವರ ಬೂಟಿನ ಸದ್ದು, ಗ್ಲಾಸಿನ ಸದ್ದು, ಅಕಾರ್ಡಿಯನ್‌ನ ಭಾರಿ ಗಂಟಲು, ಇವುಗಳ ಮಧ್ಯೆ ಮರದ ಗಿಟಾರ್ ಕೇಳಿಸುವುದೇ ಇಲ್ಲ. ಬ್ಯಾಂಜೋ ಠಣ್ ಅಂತ ಕೇಳಿಸುತ್ತದೆ.

13ರ ಹೊತ್ತಿಗೆ ಜ್ಯಾಂಗೋ ಗೆರಿನೋ ಅನ್ನೋ ಅಕಾರ್ಡಿಯನ್ ವಾದಕನ ಪಕ್ಕ ಕೂತು ನುಡಿಸತೊಡಗಿದ. ಅಲ್ಲಿಂದ ಐದಾರು ವರ್ಷ ಅವನ ಕೆಲಸ ಅದೇ. ರಾತ್ರಿಯಿಡೀ ಕಾರ್ಡ್ ಹೊಡೆಯೋದು. ಅಕಾರ್ಡಿಯನ್‌ನವನು ಎಲ್ಲಿಗೆ ಹೋದರೂ ಬಿಡದೆ ಹಿಂದೆ ಹೋಗೋದು. ತಾಳ ಜಾರಿದರೆ ಕುಣಿಯುವವರ ಕಾಲೇ ಹೇಳಿಬಿಡುತ್ತದೆ. ಇದಕ್ಕಿಂತ ಕಟುವಾದ ಮೆಟ್ರೋನೋಮ್ ಇನ್ನೊಂದಿಲ್ಲ. 1928ರಲ್ಲಿ ಜಾನ್ ವೆಸಾದ್ ಎಂಬ ಅಕಾರ್ಡಿಯನ್ ವಾದಕನ ಜೊತೆ ಮೊದಲ ರೆಕಾರ್ಡ್ ಮಾಡಿದ. ತನ್ನ ಹೆಸರಿನ ಅಕ್ಷರ ಹೇಳೋಕೆ ಅವನಿಗೆ ಬರುತ್ತಿರಲಿಲ್ಲ, ಬರೆದುಕೊಂಡವರು ಕೇಳಿಸಿದ ಹಾಗೆ ಬರೆದುಕೊಂಡರು. ರೆಕಾರ್ಡಿನ ಮೇಲೆ ಜಿಯಾಂಗೋ ರೆನಾರ್ ಅಂತ ಅಚ್ಚಾಯಿತು. ಆ ತಟ್ಟೆಯ ಮೇಲೆ ಅವನು ಇನ್ನೂ ಪಕ್ಕವಾದ್ಯದವನೇ.

ಅದೇ ವರ್ಷ ಇಂಗ್ಲೆಂಡಿನ ಹೆಸರಾಂತ ಬ್ಯಾಂಡ್ ನಾಯಕ ಜ್ಯಾಕ್ ಹಿಲ್ಟನ್ ಅವನ ನುಡಿಸಾಣಿಕೆ ಕೇಳೋಕೆ ಪ್ಯಾರಿಸ್ಸಿಗೇ ಬಂದ. ಕೇಳಿದವನು ಅಲ್ಲೇ ಕೆಲಸ ಕೊಟ್ಟ. 18 ವರ್ಷದ, ಅಕ್ಷರ ಬಾರದ, ಗಾಡಿಯಲ್ಲಿ ಬದುಕುವ ಹುಡುಗನಿಗೆ ಇದು ಲಾಟರಿ ಹೊಡೆದ ಹಾಗೆ. ಆದರೆ ಆ ಕೆಲಸಕ್ಕೆ ಅವನು ಸೇರಲೇ ಇಲ್ಲ.

ಬೆಂಕಿ

1928ರ ಆ ಶರತ್ಕಾಲದಲ್ಲಿ ಗಾಡಿ ಸೇಂತುವಾಂ ಅನ್ನೋ ಕಡೆ ನಿಂತಿತ್ತು. ಜ್ಯಾಂಗೋಗೆ ಹಿಂದಿನ ವರ್ಷವಷ್ಟೇ ಮದುವೆಯಾಗಿತ್ತು. ಹೆಂಡತಿ ಬೆಲ್ಲಾ ಸೆಲ್ಯುಲಾಯ್ಡ್‌ನಿಂದ ಕೃತಕ ಹೂ ಮಾಡಿ ಮಾರುತ್ತಿದ್ದಳು. ಆ ರಾತ್ರಿ ಗಾಡಿ ತುಂಬ ಹೂವು. ಸೆಲ್ಯುಲಾಯ್ಡ್ ಅಂದರೆ ನೈಟ್ರೋಸೆಲ್ಯುಲೋಸ್‌ಗೆ ಕರ್ಪೂರ ಸೇರಿಸಿ ಮಾಡಿದ ವಸ್ತು ಅಂತ ಕೆಮಿಸ್ಟ್ರಿಯಲ್ಲಿ ಓದಿದವರಿಗೆ ಮುಂದಿನದು ಊಹೆಗೆ ಬರುತ್ತದೆ. ಕಿಡಿ ಸಾಕು, ಭುಗ್ ಅನ್ನುತ್ತದೆ.

ಡ್ಯಾನ್ಸ್ ಹಾಲ್‌ನಲ್ಲಿ ನುಡಿಸಿ ತಡರಾತ್ರಿ ಮನೆಗೆ ಬಂದವನ ಕೈಯಲ್ಲಿದ್ದ ಮೇಣದ ಬತ್ತಿ ಹೂವಿನ ಮೇಲೆ ಬಿತ್ತು. ಕಣ್ಣು ಮುಚ್ಚಿ ತೆಗೆಯುವಷ್ಟರಲ್ಲಿ ಗಾಡಿಯೆಲ್ಲ ಬೆಂಕಿ. ಎಡಗೈಯಲ್ಲಿ ಕಂಬಳಿ ಹಿಡಿದು ಮೈಗೆ ಅಡ್ಡ ಇಟ್ಟುಕೊಂಡು ಹೊರಗೆ ಬಿದ್ದ. ಬೆಲ್ಲಾಳೂ ಬದುಕಿದಳು. ಆದರೆ ಅವನ ಬಲಗಾಲು ಸುಟ್ಟಿತ್ತು, ಕಂಬಳಿ ಹಿಡಿದಿದ್ದ ಎಡಗೈ ಸುಟ್ಟಿತ್ತು. ವೈದ್ಯರು ಕಾಲು ಕತ್ತರಿಸಬೇಕು ಅಂದರು. ಅವನು ಒಪ್ಪಲಿಲ್ಲ. ಕಾಲು ಉಳಿಯಿತು. ಎಡಗೈಯ ಉಂಗುರ ಬೆರಳು, ಕಿರುಬೆರಳು ಮಾತ್ರ ಒಳಗೆ ಮಡಚಿಕೊಂಡು ಹಾಗೇ ನಿಂತುಬಿಟ್ಟವು. ಗಿಟಾರ್‌ನಲ್ಲಿ ಎಡಗೈ ಅಂದರೆ ತಂತಿ ಒತ್ತುವ ಕೈ. ನಾಲ್ಕು ಬೆರಳಲ್ಲಿ ಎರಡು ಹೋದರೆ ನುಡಿಸೋದು ಏನು? ಇನ್ನು ಅವನ ವಾದ್ಯ ಮುಗಿಯಿತು ಅಂತಲೇ ಜನ ಅಂದುಕೊಂಡರು.

ಸುಮಾರು 18 ತಿಂಗಳು ಅವನು ಹಾಸಿಗೆ ಹಿಡಿದಿದ್ದ. ಆಗ ತಮ್ಮ ಜೋಸೆಫ್ ಒಂದು ಗಿಟಾರ್ ತಂದು ಹಾಸಿಗೆ ಪಕ್ಕ ಇಟ್ಟ. ಬ್ಯಾಂಜೋ ಅಲ್ಲ, ಗಿಟಾರ್. ಗಿಟಾರ್‌ನ ದನಿ ಮೆದು, ಆಸ್ಪತ್ರೆಯಂಥ ಜಾಗಕ್ಕೆ ಅದೇ ಸರಿ. ಈ ಜೋಸೆಫ್‌ನನ್ನು ನೆನಪಿಟ್ಟುಕೊಳ್ಳಿ, ಕತೆಯಲ್ಲಿ ಮುಂದೆ ಮತ್ತೆ ಬರುತ್ತಾನೆ.

ಇಲ್ಲದ್ದನ್ನು ಬಿಟ್ಟು ಇದ್ದದ್ದನ್ನು ಹಿಡಿದು

ಆ ಹಾಸಿಗೆಯ ಮೇಲೆ ಅವನು ಮಾಡಿದ್ದನ್ನು ಎಂಜಿನಿಯರಿಂಗ್ ಅಂತಲೇ ಕರೆಯಬೇಕು ಅಂತ ನಮ್ಮ ಅಭಿಪ್ರಾಯ. ಮೊದಲಿನ ಬೆರಳುಗಾರಿಕೆಯನ್ನೇ ಎಳೆದಾಡಿಕೊಂಡು ಕೂರಲಿಲ್ಲ. ಇರುವ ಭಾಗಗಳಿಂದ ಹೊಸ ಡಿಸೈನ್ ಮಾಡಿದ.

ಸಾಮಾನ್ಯವಾಗಿ ಸ್ಕೇಲ್ ಕಲಿಯುವಾಗ ಒಂದೊಂದು ಫ್ರೆಟ್‌ಗೆ ಒಂದೊಂದು ಬೆರಳು ಅಂತ ನಾಲ್ಕು ಬೆರಳು ಹಂಚಿಕೊಳ್ಳುತ್ತೇವೆ. ಕೈ ಒಂದೇ ಜಾಗದಲ್ಲಿ ನಿಲ್ಲುತ್ತದೆ, ಬೆರಳು ಓಡಾಡುತ್ತವೆ. ಎರಡೇ ಬೆರಳಿದ್ದವನಿಗೆ ಅದು ಆಗದು. ಹಾಗಾಗಿ ಕೈಯೇ ಓಡಾಡಲಿ ಅಂದ. ತೋರುಬೆರಳು, ನಡುಬೆರಳು ಎರಡನ್ನೇ ಇಟ್ಟುಕೊಂಡು ಗಿಟಾರ್‌ನ ಕುತ್ತಿಗೆಯ ಉದ್ದಕ್ಕೂ ಮೇಲೆ ಕೆಳಗೆ ಜಾರುವ, ಓರೆಯಾಗಿ ತಂತಿಯಿಂದ ತಂತಿಗೆ ಹತ್ತುವ ದಾರಿಗಳನ್ನು ಹುಡುಕಿದ. ಒಂದೇ ಬೆರಳನ್ನು ಫ್ರೆಟ್‌ನಿಂದ ಫ್ರೆಟ್‌ಗೆ ಮಿಂಚಿನ ಹಾಗೆ ಜಾರಿಸಿ ಹನ್ನೆರಡೂ ಸ್ವರ ಸಾಲಾಗಿ ಬರೋ ಹಾಗೆ ಮಾಡಿದ. ಕಾರ್ಡ್‌ಗಳನ್ನು ಚಿಕ್ಕದಾಗಿಸಿದ, ಮೂರು ಸ್ವರ ಸಾಕು. ಹೆಬ್ಬೆರಳನ್ನು ಮೇಲಿಂದ ತಂದು ದಪ್ಪ ತಂತಿ ಒತ್ತಿದ. ಮಡಚಿಹೋದ ಬೆರಳುಗಳನ್ನೂ ಸುಮ್ಮನೆ ಕೂರಿಸಲಿಲ್ಲ. ಅವನ್ನು ಕೊಕ್ಕೆಯ ಹಾಗೆ ತೆಳು ತಂತಿಗಳ ಮೇಲೆ ಇಟ್ಟು ಕೆಲವು ಕಾರ್ಡ್‌ಗೆ ಬಳಸಿಕೊಂಡ.

ಡಿಮಿನಿಶ್ಡ್ ಕಾರ್ಡ್ ಅವನಿಗೆ ಯಾಕೆ ಅಷ್ಟು ಇಷ್ಟವಾಯಿತು ಅನ್ನೋದೂ ಇಲ್ಲೇ ಅರ್ಥವಾಗುತ್ತದೆ. ಅದರ ನಾಲ್ಕು ಸ್ವರಗಳ ನಡುವಿನ ಅಂತರ ಒಂದೇ, ತಲಾ ಮೂರು ಫ್ರೆಟ್. ಹಾಗಾಗಿ ಅದರ ಆಕಾರವನ್ನು ಮೂರು ಫ್ರೆಟ್ ಮೇಲಕ್ಕೆ ಜರುಗಿಸಿದರೆ ಅದೇ ನಾಲ್ಕು ಸ್ವರ ಮತ್ತೆ ಸಿಗುತ್ತವೆ. ಬೆರಳು ಕಡಿಮೆ ಇರುವವನಿಗೆ ಇದಕ್ಕಿಂತ ಒಳ್ಳೆ ಸಿಮೆಟ್ರಿ ಬೇಕಾ? ಒಂದೇ ಆಕಾರ ಹಿಡಿದು ಕೆಳಗಿನಿಂದ ತುತ್ತತುದಿಯವರೆಗೆ ಏರಿಬಿಡಬಹುದು.

ಈಗ ರಿದಮ್ ನುಡಿಸುವ ಸ್ನೇಹಿತರು ಸ್ವಲ್ಪ ಗಮನ ಕೊಡಬೇಕು. ಲೀಡ್ ಕಲಿಯಬೇಕು ಅಂದಾಗ ನಾವು ಸಾಮಾನ್ಯವಾಗಿ ಮಾಡೋದು ಏನು? ಇಷ್ಟು ವರ್ಷ ಕಲಿತ ಕಾರ್ಡ್‌ಗಳನ್ನು ಪಕ್ಕಕ್ಕಿಟ್ಟು ಪೆಂಟಾಟಾನಿಕ್ ಸ್ಕೇಲ್‌ನ ಡಬ್ಬಿ ಹಿಡಿದು ಮೇಲೆ ಕೆಳಗೆ ಓಡಿಸೋದು. ಕೇಳೋಕೆ ಲಿಫ್ಟ್ ಹತ್ತಿ ಇಳಿದ ಹಾಗಿರುತ್ತದೆ, ಎಲ್ಲಿಗೂ ಹೋದ ಹಾಗಿರೋದಿಲ್ಲ. ಜ್ಯಾಂಗೋ ಕಾರ್ಡ್‌ಗಳನ್ನು ಬಿಡಲಿಲ್ಲ, ಬಿಚ್ಚಿದ. ಕಾರ್ಡ್ ಅಂದರೆ ಒಟ್ಟಿಗೆ ಹೊಡೆದ ಸ್ವರಗಳು. ಅವೇ ಸ್ವರಗಳನ್ನು ಒಂದಾದ ಮೇಲೊಂದು ನುಡಿಸಿದರೆ ಅದೇ ಲೀಡ್‌ನ ಮೊದಲ ಸಾಲು.

ಉದಾಹರಣೆಗೆ ಅವನ ಮೈನರ್ ಸ್ವಿಂಗ್ ಅನ್ನೋ ಪ್ರಸಿದ್ಧ ರಚನೆ ತೆಗೆದುಕೊಳ್ಳಿ. 1937ರಲ್ಲಿ ರೆಕಾರ್ಡ್ ಆದದ್ದು. ಮುಖ್ಯವಾಗಿ ಮೂರೇ ಕಾರ್ಡ್: ಎ ಮೈನರ್, ಡಿ ಮೈನರ್, ಇ ಸೆವೆಂತ್. ಮೊದಲ ಸೆಮಿಸ್ಟರ್‌ನವರಿಗೂ ಬರುತ್ತವೆ. ಎ ಮೈನರ್‌ನಲ್ಲಿ ಎ, ಸಿ, ಇ ಇವೆ. ಡಿ ಮೈನರ್‌ನಲ್ಲಿ ಡಿ, ಎಫ್, ಎ. ಮೊದಲನೆಯದರಿಂದ ಎರಡನೆಯದಕ್ಕೆ ಹೋಗುವಾಗ ಎ ಹಾಗೇ ಉಳಿಯುತ್ತದೆ, ಇ ಒಂದೇ ಫ್ರೆಟ್ ಮೇಲೆ ಸರಿದು ಎಫ್ ಆಗುತ್ತದೆ. ಅಲ್ಲಿಂದ ಇ ಸೆವೆಂತ್‌ಗೆ ಹೋಗುವಾಗ ಡಿ ಉಳಿಯುತ್ತದೆ, ಎಫ್ ಒಂದು ಫ್ರೆಟ್ ಇಳಿದು ಇ ಆಗುತ್ತದೆ, ಎ ಒಂದು ಫ್ರೆಟ್ ಇಳಿದು ಜಿ ಶಾರ್ಪ್ ಆಗುತ್ತದೆ. ಕಾರ್ಡ್ ಬದಲಾಗುವ ಆ ಕ್ಷಣಕ್ಕೆ ಸರಿಯಾಗಿ ಆ ಒಂದು ಫ್ರೆಟ್ ಸರಿದರೆ ಸಾಕು, ಹಿಂದೆ ಯಾರೂ ಕಾರ್ಡ್ ಹೊಡೆಯದೇ ಇದ್ದರೂ ಕೇಳುವವರ ಕಿವಿಗೆ ಕಾರ್ಡ್ ಬದಲಾಗಿದ್ದು ತಿಳಿಯುತ್ತದೆ. ಯಾವ ಕಾರ್ಡ್ ಯಾವಾಗ ಬರುತ್ತದೆ ಅಂತ ಮೈಯಲ್ಲೇ ಗೊತ್ತಿರೋದು ಯಾರಿಗೆ? ರಿದಮ್ ನುಡಿಸಿದವರಿಗೆ. ಅಕಾರ್ಡಿಯನ್ ಪಕ್ಕ ಕಳೆದ ರಾತ್ರಿಗಳು ವ್ಯರ್ಥವಾಗಿರಲಿಲ್ಲ. ಅವೇ ಅವನ ಬಂಡವಾಳ.

ತೂಲೋಂನಲ್ಲಿ ಕೇಳಿದ ತುತ್ತೂರಿ

ಬಂಡವಾಳ ಇದ್ದರೆ ಸಾಲದು, ಅದರಿಂದ ಏನು ಮಾಡಬೇಕು ಅನ್ನೋ ಕನಸೂ ಬೇಕು. ಅದು ಸಿಕ್ಕಿದ್ದು 1931ರಲ್ಲಿ. ಗುಣವಾದ ಮೇಲೆ ಅಣ್ಣ ತಮ್ಮ ಇಬ್ಬರೂ ದಕ್ಷಿಣ ಫ್ರಾನ್ಸಿನ ತೂಲೋಂ ಬಂದರಿನಲ್ಲಿ ಕೆಫೆಗಳ ಮುಂದೆ ನುಡಿಸಿ ಹೊಟ್ಟೆ ಹೊರೆಯುತ್ತಿದ್ದರು. ಎಮಿಲ್ ಸಾವಿಟ್ರಿ ಅನ್ನೋ ಚಿತ್ರ ಕಲಾವಿದ ಇವರ ವಾದನ ಕೇಳಿ ತನ್ನ ಕೋಣೆಗೆ ಕರೆದ. ಅವನ ಬಳಿ ಅಮೆರಿಕದಿಂದ ಬಂದ ಜ್ಯಾಜ್ ರೆಕಾರ್ಡ್‌ಗಳಿದ್ದವು: ಲೂಯಿ ಆರ್ಮ್‌ಸ್ಟ್ರಾಂಗ್, ಡ್ಯೂಕ್ ಎಲಿಂಗ್ಟನ್, ಜೋ ವೆನೂಟಿ ಮತ್ತು ಎಡ್ಡಿ ಲ್ಯಾಂಗ್. ಆರ್ಮ್‌ಸ್ಟ್ರಾಂಗ್‌ನ ಟ್ರಂಪೆಟ್ ಕೇಳಿ ಜ್ಯಾಂಗೋ ತಲೆ ಹಿಡಿದುಕೊಂಡು ಅತ್ತುಬಿಟ್ಟ ಅಂತ ಹೇಳುತ್ತಾರೆ.

ಯಾಕೆ ಅತ್ತ ಅಂತ ನಾವೂ ಮಾತಾಡಿಕೊಂಡಿದ್ದೇವೆ. ನಮಗೆ ಅನ್ನಿಸೋದು ಇದು. ಆರ್ಮ್‌ಸ್ಟ್ರಾಂಗ್ ಒಂದು ಹಾಡನ್ನು ತೆಗೆದುಕೊಂಡು ಅದರ ಕಾರ್ಡ್‌ಗಳ ಮೇಲೆ ಆ ಕ್ಷಣಕ್ಕೆ ಹೊಸ ಹಾಡನ್ನೇ ಕಟ್ಟುತ್ತಿದ್ದ. ಉಸಿರು ತೆಗೆದುಕೊಳ್ಳುವಲ್ಲಿ ನಿಲ್ಲುತ್ತಿದ್ದ, ಒಂದು ಸ್ವರ ಹಿಡಿದು ನಡುಗಿಸುತ್ತಿದ್ದ, ಮಾತಾಡುತ್ತಿದ್ದ. ಆಗಿನ ಪ್ಯಾರಿಸ್‌ನಲ್ಲಿ ಗಿಟಾರ್‌ನಿಂದ ಯಾರೂ ಅದನ್ನು ನಿರೀಕ್ಷಿಸುತ್ತಿರಲಿಲ್ಲ. ಗಿಟಾರ್ ಅಂದರೆ ಹಿಂದೆ ಕೂರುವ ವಾದ್ಯ. ಎರಡು ಬೆರಳು ಕಳೆದುಕೊಂಡವನಿಗೆ ಅವತ್ತು ಕಂಡಿದ್ದು ವೇಗವಲ್ಲ, ಮಾತು. ಮುಂದೆ ಜ್ಯಾಂಗೋನ ಲೀಡ್‌ಗಳನ್ನು ಕೇಳಿದರೆ ಅದು ಗೊತ್ತಾಗುತ್ತದೆ. ಓಡುತ್ತಾನೆ, ನಿಲ್ಲುತ್ತಾನೆ, ಒಂದೇ ಸ್ವರವನ್ನು ಅಗಲವಾಗಿ ನಡುಗಿಸುತ್ತಾನೆ, ಮತ್ತೆ ಓಡುತ್ತಾನೆ. ತುತ್ತೂರಿ ಊದುವವನ ಉಸಿರಾಟ ಅದು, ತಂತಿಯ ಮೇಲೆ.

ಹೋಟೆಲಿನ ಪರದೆ ಹಿಂದೆ

1934ರಲ್ಲಿ ಪ್ಯಾರಿಸ್ಸಿನ ಕ್ಲಾರಿಜ್ ಹೋಟೆಲಿನಲ್ಲಿ ಶ್ರೀಮಂತರ ಸಂಜೆ ಟೀ ಜೊತೆ ಡ್ಯಾನ್ಸ್ ಇರುತ್ತಿತ್ತು. ಲೂಯಿ ವೋಲಾ ಎಂಬಾತನ ತಂಡದಲ್ಲಿ ಜ್ಯಾಂಗೋ ಗಿಟಾರ್, ಸ್ತೆಫಾನ್ ಗ್ರಾಪೆಲ್ಲಿ ಎಂಬ ಯುವಕ ವಯಲಿನ್. ಕೆಲಸ ಮಾತ್ರ ಸಪ್ಪೆ. ಬಿಡುವಿನಲ್ಲಿ ಗ್ರಾಪೆಲ್ಲಿ ಪರದೆ ಹಿಂದೆ ಹೋಗಿ ಹೊಸ ತಂತಿ ಕಟ್ಟಿಕೊಂಡು ಶ್ರುತಿ ನೋಡಲು ಒಂದು ಜ್ಯಾಜ್ ಸಾಲು ನುಡಿಸಿದ. ಜ್ಯಾಂಗೋಗೆ ಅದು ಹಿಡಿಸಿತು, ತಾನೂ ಸೇರಿಕೊಂಡ. ದಿನಾ ಬಿಡುವಿನಲ್ಲಿ ಇದೇ ಆಟ. ಜೋಸೆಫ್ ಬಂದ, ವೋಲಾ ಡಬಲ್ ಬಾಸ್ ತಂದ. ಹಾಟ್ ಕ್ಲಬ್ ದ ಫ್ರಾನ್ಸ್ ಅನ್ನೋ ಜ್ಯಾಜ್ ಪ್ರೇಮಿಗಳ ಸಂಘದ ಪಿಯೆರ್ ನೂರಿ, ಶಾರ್ಲ್ ದಲೋನೆ ಇದನ್ನು ಕೇಳಿ ಬೆನ್ನಿಗೆ ನಿಂತರು. ಆ ಡಿಸೆಂಬರ್‌ನಲ್ಲಿ ಮೊದಲ ಕಛೇರಿ, ಅದೇ ತಿಂಗಳ ಕೊನೆಗೆ ಮೊದಲ ರೆಕಾರ್ಡಿಂಗ್. ಹೆಸರು: ಹಾಟ್ ಕ್ಲಬ್ ದ ಫ್ರಾನ್ಸ್‌ನ ಕ್ವಿಂಟೆಟ್.

ಐದು ಜನ, ಐದೂ ತಂತಿವಾದ್ಯ. ಡ್ರಮ್ಸ್ ಇಲ್ಲ, ಟ್ರಂಪೆಟ್ ಇಲ್ಲ. ಜ್ಯಾಜ್ ಅಂದರೆ ಡ್ರಮ್ಸ್, ಬ್ರಾಸ್ ಅಂತ ತಿಳಿದಿದ್ದ ಕಾಲದಲ್ಲಿ ಇದು ವಿಚಿತ್ರವೇ. ಮೊದಲು ಜ್ಯಾಂಗೋ, ಜೋಸೆಫ್ ಇಬ್ಬರೇ ಗಿಟಾರ್. ಆಮೇಲೆ ಜ್ಯಾಂಗೋ ಒಂದು ತಕರಾರು ತೆಗೆದನಂತೆ. ಗ್ರಾಪೆಲ್ಲಿ ಮುಂದೆ ನುಡಿಸುವಾಗ ಹಿಂದೆ ಎರಡು ಗಿಟಾರ್ ಇರುತ್ತವೆ. ತಾನು ಮುಂದೆ ನುಡಿಸುವಾಗ ಹಿಂದೆ ಒಂದೇ ಉಳಿಯುತ್ತದೆ. ಇದು ಯಾವ ನ್ಯಾಯ? ಹಾಗೆ ರೋಜೆ ಶಾಪ್ಯು ಮೂರನೇ ಗಿಟಾರ್ ಆಗಿ ಬಂದ. ನಮಗೆ ಈ ತಕರಾರು ಬಹಳ ಇಷ್ಟ. ರಿದಮ್‌ನ ಬೆಲೆ ಏನು ಅಂತ ಅದನ್ನು ವರ್ಷಗಟ್ಟಲೆ ನುಡಿಸಿದವನಿಗೇ ಗೊತ್ತು. ನೆಲ ಗಟ್ಟಿ ಇದ್ದರೆ ತಾನೇ ಜಿಗಿಯೋಕೆ ಆಗೋದು.

ಆ ನೆಲಕ್ಕೆ ಫ್ರೆಂಚರು ಲಾ ಪೋಂಪ್ ಅಂತಾರೆ, ಅಂದರೆ ಪಂಪು. ಬಾವಿಯ ಪಂಪು ಹೊಡೆದ ಹಾಗೆ ಒಂದೇ ಸಮ. ಎರಡನೇ ಮತ್ತು ನಾಲ್ಕನೇ ಹೊಡೆತಕ್ಕೆ ಒತ್ತು ಕೊಟ್ಟು, ತಕ್ಷಣ ಎಡಗೈ ಸಡಿಲಿಸಿ ಸದ್ದು ಕತ್ತರಿಸೋದು. ಡ್ರಮ್ಸ್ ಇಲ್ಲದ ಕೊರತೆ ಕಾಣಿಸುವುದೇ ಇಲ್ಲ. ಅವನ ಕೈಯಲ್ಲಿದ್ದ ಗಿಟಾರ್ ಕೂಡ ವಿಶೇಷವೇ. ಮಾರಿಯೋ ಮಾಕಾಫೆರಿ ಡಿಸೈನ್ ಮಾಡಿ ಸೆಲ್ಮರ್ ಕಂಪನಿ 1932ರಿಂದ ತಯಾರಿಸಿದ ಮಾದರಿ, ಜೋರಾಗಿ ಕೇಳಿಸಲೆಂದೇ ಕಟ್ಟಿದ್ದು. ಪಿಕ್ ಅನ್ನು ತಂತಿಯ ಮೂಲಕ ಒತ್ತಿ ಕೆಳಗಿನ ತಂತಿಯ ಮೇಲೆ ನಿಲ್ಲಿಸುವ ಹೊಡೆತ ಜ್ಯಾಂಗೋದು. ಬ್ಯಾಂಜೋ ಕಾಲದಲ್ಲಿ ಹಾಲ್ ತುಂಬಿಸೋಕೆ ಕಲಿತ ಬಲಗೈ ಈಗ ಲೀಡ್‌ಗೆ ದನಿ ಕೊಟ್ಟಿತು.

1937ರಲ್ಲಿ ಅಮೆರಿಕದ ದಿಗ್ಗಜರಾದ ಕೋಲ್‌ಮನ್ ಹಾಕಿನ್ಸ್, ಬೆನ್ನಿ ಕಾರ್ಟರ್ ಪ್ಯಾರಿಸ್‌ನಲ್ಲಿ ರೆಕಾರ್ಡ್ ಮಾಡಿದಾಗ ಗಿಟಾರ್ ಹಿಡಿದು ಕೂತವನು ಜ್ಯಾಂಗೋ. ಆರು ವರ್ಷದ ಹಿಂದೆ ಕೆಫೆ ಮುಂದೆ ಚಿಲ್ಲರೆಗೆ ನುಡಿಸುತ್ತಿದ್ದವನು.

ಇಷ್ಟೆಲ್ಲ ಆದರೂ ಅವನು ಸಲೀಸಾದ ಮನುಷ್ಯನಲ್ಲ. ಸಮಯಕ್ಕೆ ಬರುತ್ತಿರಲಿಲ್ಲ, ಕೆಲವು ಸಲ ಬರುತ್ತಲೇ ಇರಲಿಲ್ಲ. ದುಡ್ಡು ಬಂದರೆ ಜೂಜು, ಬಿಲಿಯರ್ಡ್ಸ್. ಮನಸ್ಸಾದರೆ ಗಾಡಿ ಕಟ್ಟಿಕೊಂಡು ನಾಪತ್ತೆ. ಅಚ್ಚುಕಟ್ಟಿನ ಗ್ರಾಪೆಲ್ಲಿಗೆ ಇದು ತಲೆನೋವು. ಆದರೂ ಅವನಿಗೆ ಅಕ್ಷರ ಕಲಿಸಲು ಕೂತವನೂ ಗ್ರಾಪೆಲ್ಲಿಯೇ. ಸ್ವರಲಿಪಿ ಮಾತ್ರ ಕೊನೆವರೆಗೂ ಬರಲಿಲ್ಲ. ತನ್ನ ರಚನೆಗಳನ್ನು ನುಡಿಸಿ ತೋರಿಸಿ ಬೇರೆಯವರಿಂದ ಬರೆಸುತ್ತಿದ್ದ.

ಮೋಡಗಳು

1939ರ ಸೆಪ್ಟೆಂಬರ್‌ನಲ್ಲಿ ಯುದ್ಧ ಶುರುವಾದಾಗ ಕ್ವಿಂಟೆಟ್ ಲಂಡನ್‌ನಲ್ಲಿತ್ತು. ಗ್ರಾಪೆಲ್ಲಿ ಅಲ್ಲೇ ಉಳಿದ. ಜ್ಯಾಂಗೋ ಪ್ಯಾರಿಸ್ಸಿಗೆ ವಾಪಸ್ ಬಂದ. ಮುಂದಿನ ವರ್ಷ ಪ್ಯಾರಿಸ್ ಜರ್ಮನ್ನರ ಕೈಗೆ ಹೋಯಿತು. ನಾಜಿಗಳ ಪಟ್ಟಿಯಲ್ಲಿ ಯಹೂದಿಗಳ ಜೊತೆ ರೊಮಾನಿಗಳೂ ಇದ್ದರು. ಯುರೋಪಿನಲ್ಲಿ ಕೊಲೆಯಾದ ರೊಮಾನಿಗಳ ಸಂಖ್ಯೆ ಕನಿಷ್ಠ 2.5 ಲಕ್ಷ, ಬಹುಶಃ 5 ಲಕ್ಷ ಅನ್ನುತ್ತಾರೆ ಇತಿಹಾಸಕಾರರು.

ಅವನ ಜನ ಕ್ಯಾಂಪುಗಳಲ್ಲಿ ಸಾಯುತ್ತಿದ್ದ ಕಾಲದಲ್ಲೇ ಜ್ಯಾಂಗೋ ಪ್ಯಾರಿಸ್ಸಿನ ದೊಡ್ಡ ಸ್ಟಾರ್ ಆಗಿದ್ದ. ಹೊರಗೆ ಕರ್ಫ್ಯೂ, ಒಳಗೆ ಜನ ಜ್ಯಾಜ್‌ಗೆ ಮುಗಿಬೀಳುತ್ತಿದ್ದರು. ಜರ್ಮನ್ ಅಧಿಕಾರಿಗಳಲ್ಲೂ ಕದ್ದು ಮುಚ್ಚಿ ಜ್ಯಾಜ್ ಕೇಳುವವರಿದ್ದರು. ವಯಲಿನ್ ಜಾಗಕ್ಕೆ ಯೂಬೆರ್ ರೋಸ್ತಾಂಗ್‌ನ ಕ್ಲಾರಿನೆಟ್ ಬಂತು. 1940ರಲ್ಲಿ ರೆಕಾರ್ಡ್ ಆದ ನುವಾಜ್, ಅಂದರೆ ಮೋಡಗಳು, ಆ ಕಾಲದ ಪ್ಯಾರಿಸ್ಸಿನ ಮನಸ್ಸೇ ಆಗಿಹೋಯಿತು. ಅದರಲ್ಲಿ ಓಟವಿಲ್ಲ, ನಿಧಾನವಾಗಿ ಇಳಿಯುವ ಸ್ವರಗಳು.

ಹೆಸರು ಎಷ್ಟು ದಿನ ಕಾಯುತ್ತದೆ? 1943ರಲ್ಲಿ ಗಡಿ ದಾಟಿ ಸ್ವಿಟ್ಜರ್ಲೆಂಡಿಗೆ ಹೋಗಲು ನೋಡಿದ. ಸಿಕ್ಕಿಬಿದ್ದ. ಹಿಡಿದ ಜರ್ಮನ್ ಅಧಿಕಾರಿ ಅವನ ಸಂಗೀತದ ಅಭಿಮಾನಿಯಾಗಿದ್ದರಿಂದ ಬಿಟ್ಟು ಕಳಿಸಿದ ಅಂತಾರೆ. ಮತ್ತೊಮ್ಮೆ ಪ್ರಯತ್ನಿಸಿದಾಗ ಸ್ವಿಸ್ ಕಾವಲುಗಾರರೇ ಹಿಂದಕ್ಕೆ ಕಳಿಸಿದರು. ಗಿಟಾರ್ ಅವನನ್ನು ಉಳಿಸಿತು ಅಂತ ಬರೆಯೋದು ಸುಲಭ. ಆದರೆ ಗಿಟಾರ್ ಇಲ್ಲದ ಅವನಂಥವರು ಎಷ್ಟು ಜನ ಅಂತ ಯೋಚಿಸಿದರೆ ಆ ಮಾತು ಗಂಟಲಲ್ಲೇ ನಿಲ್ಲುತ್ತದೆ.

ಕೊನೆಯ ವರ್ಷಗಳು

ಯುದ್ಧ ಮುಗಿದ ಮೇಲೆ 1946ರಲ್ಲಿ ಲಂಡನ್‌ನಲ್ಲಿ ಗ್ರಾಪೆಲ್ಲಿಯನ್ನು ಮತ್ತೆ ಸೇರಿ ರೆಕಾರ್ಡ್ ಮಾಡಿದ. ಅದೇ ವರ್ಷದ ಕೊನೆಗೆ ಡ್ಯೂಕ್ ಎಲಿಂಗ್ಟನ್ ಜೊತೆ ಅಮೆರಿಕ ಪ್ರವಾಸ. ತೂಲೋಂನ ಕೋಣೆಯಲ್ಲಿ ರೆಕಾರ್ಡ್ ಮೇಲೆ ಕೇಳಿದ್ದ ಅದೇ ಎಲಿಂಗ್ಟನ್. ಹೋಗುವಾಗ ತನ್ನ ಗಿಟಾರ್ ಒಯ್ಯಲಿಲ್ಲ, ಅಲ್ಲಿನ ಕಂಪನಿಗಳೇ ನಾ ಮುಂದು ತಾ ಮುಂದು ಅಂತ ಕೊಡುತ್ತಾರೆ ಅಂದುಕೊಂಡಿದ್ದ. ಯಾರೂ ಕೊಡಲಿಲ್ಲ. ಅಭ್ಯಾಸವಿಲ್ಲದ ಎಲೆಕ್ಟ್ರಿಕ್ ಗಿಟಾರ್ ಹಿಡಿಯಬೇಕಾಯಿತು. ನ್ಯೂಯಾರ್ಕಿನ ಕಾರ್ನೆಗಿ ಹಾಲ್‌ನಲ್ಲಿ ಮೊದಲ ರಾತ್ರಿ ಚಪ್ಪಾಳೆಯೋ ಚಪ್ಪಾಳೆ. ಎರಡನೇ ರಾತ್ರಿ, ದಾರಿಯಲ್ಲಿ ಫ್ರಾನ್ಸಿನ ಬಾಕ್ಸರ್ ಮಾರ್ಸೆಲ್ ಸೆರ್ದಾಂ ಸಿಕ್ಕ, ಮಾತಿಗೆ ಕೂತ, ಕಛೇರಿ ಮುಗಿಯುವ ಹೊತ್ತಿಗೆ ಬಂದ.

ಅಮೆರಿಕದಲ್ಲಿ ಆಗ ಬೀಬಾಪ್ ಬಂದಿತ್ತು. ತನ್ನ ಶೈಲಿ ಹಳತಾಯಿತು ಅಂತ ಅವನಿಗೂ ತಿಳಿಯಿತು. ಮುನಿಸಿಕೊಂಡು ಕೂರಬಹುದಿತ್ತು. ಕೂರಲಿಲ್ಲ. 1950ರ ನಂತರ ಎಲೆಕ್ಟ್ರಿಕ್ ಗಿಟಾರ್ ಹಿಡಿದು ತನಗಿಂತ ಎಷ್ಟೋ ಚಿಕ್ಕ ಹುಡುಗರ ಜೊತೆ ಹೊಸ ಭಾಷೆ ಕಲಿತ. ಆ ಎರಡು ಬೆರಳು ಎರಡನೇ ಸಲ ಶಾಲೆಗೆ ಸೇರಿದವು ಅನ್ನಬಹುದು. 1951ರಲ್ಲಿ ಫಾಂತೆನ್‌ಬ್ಲೋ ಹತ್ತಿರ ಸೇನ್ ನದಿ ದಂಡೆಯ ಸಮ್ವಾ ಅನ್ನೋ ಚಿಕ್ಕ ಊರಲ್ಲಿ ನೆಲೆಸಿದ. ಎರಡನೇ ಹೆಂಡತಿ ನಾಗಿನ್, ಮಗ ಬಾಬಿಕ್. ಮೀನು ಹಿಡಿಯೋದು, ಚಿತ್ರ ಬರೆಯೋದು, ಆಗಾಗ ಪ್ಯಾರಿಸ್ಸಿಗೆ ಹೋಗಿ ನುಡಿಸೋದು. 1953ರ ಮೇ 16ರಂದು ರೈಲು ಇಳಿದು ಮನೆಗೆ ನಡೆದು ಬಂದವನು ಮಿದುಳಿನ ರಕ್ತಸ್ರಾವದಿಂದ ಕುಸಿದುಬಿದ್ದು ತೀರಿಕೊಂಡ. ವಯಸ್ಸು ಬರೀ 43.

ಬೆರಳುಗಳ ಉಯಿಲು

12 ವರ್ಷ ಕಳೆದ ಮೇಲೆ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ ಶೀಟ್ ಮೆಟಲ್ ಕಾರ್ಖಾನೆಯ ಯಂತ್ರಕ್ಕೆ 17 ವರ್ಷದ ಹುಡುಗನ ಕೈ ಸಿಕ್ಕಿತು. ಎರಡು ಬೆರಳ ತುದಿ ಹೋಯಿತು. ಅವನು ಎಡಚ, ಹೋಗಿದ್ದು ಫ್ರೆಟ್ ಒತ್ತುವ ಬಲಗೈಯ ಬೆರಳುಗಳೇ. ಗಿಟಾರ್ ಬಿಟ್ಟೆ ಅಂತ ಕೂತಿದ್ದವನಿಗೆ ಕಾರ್ಖಾನೆಯ ಮ್ಯಾನೇಜರ್ ಒಂದು ರೆಕಾರ್ಡ್ ತಂದು ಕೇಳಿಸಿದ. ಕೇಳಿಸಿ ಆದ ಮೇಲೆ, ಇದನ್ನು ನುಡಿಸಿದವನಿಗೆ ಲೀಡ್‌ಗೆ ಎರಡೇ ಬೆರಳಿದ್ದವು ಅಂತ ಹೇಳಿದ. ರೆಕಾರ್ಡ್ ಜ್ಯಾಂಗೋದು. ಆ ಹುಡುಗ ಪ್ಲಾಸ್ಟಿಕ್ ಬಾಟಲಿ ಕರಗಿಸಿ ಬೆರಳಿಗೆ ಟೋಪಿ ಮಾಡಿಕೊಂಡು ಮತ್ತೆ ಶುರು ಮಾಡಿದ. ಅವನೇ ಬ್ಲ್ಯಾಕ್ ಸಬತ್‌ನ ಟೋನಿ ಐಯೋಮಿ. ನಮ್ಮ ಫೆಸ್ಟ್‌ಗಳಲ್ಲಿ ತಲೆ ಆಡಿಸುವ ಮೆಟಲ್ ಸಂಗೀತಕ್ಕೂ ಆ ಗಾಡಿಯ ಬೆಂಕಿಗೂ ಹೀಗೊಂದು ನಂಟಿದೆ.

ಜೋಸೆಫ್ ವಿಷಯ ಬಾಕಿ ಇದೆ. ಹಾಸಿಗೆ ಪಕ್ಕ ಗಿಟಾರ್ ತಂದಿಟ್ಟವನು, ಅಣ್ಣ ಜಗತ್ತನ್ನು ಗೆಲ್ಲುವಾಗ ಹಿಂದೆ ಕೂತು ಪಂಪು ಹೊಡೆದವನು. ಆ ಹಳೇ ರೆಕಾರ್ಡ್‌ಗಳಲ್ಲಿ ನಮ್ಮ ಕಿವಿ ಸೀದಾ ಜ್ಯಾಂಗೋ ಕಡೆ ಓಡುತ್ತದೆ. ಒಮ್ಮೆ ಹಿಂದಿನ ಗಿಟಾರ್‌ಗಳನ್ನು ಮಾತ್ರ ಕೇಳಿ ನೋಡಿ. ಒಂದು ಕೂದಲೆಳೆಯೂ ಅಲುಗಾಡುವುದಿಲ್ಲ. ಅಣ್ಣ ಹೋದ ಮೇಲೆ ಜೋಸೆಫ್ ತಾನೇ ಮುಂದೆ ಕೂತು ಲೀಡ್ ನುಡಿಸಿ ರೆಕಾರ್ಡ್ ಮಾಡಿದ. ವರ್ಷಗಟ್ಟಲೆ ಹಿಂದೆ ಕೂತಿದ್ದವನ ಒಳಗೂ ಸಾಲುಗಳು ತುಂಬಿದ್ದವು. 1982ರಲ್ಲಿ ಅವನೂ ತೀರಿಕೊಂಡ.

ಹಾಗಾಗಿ ರಿದಮ್ ಗಿಟಾರ್ ಹಿಡಿದ ಸ್ನೇಹಿತರೇ, ಇವತ್ತು ಸಂಜೆ ಲ್ಯಾಬ್ ರೆಕಾರ್ಡ್ ಬರೆದು ಮುಗಿದ ಮೇಲೆ ಎ ಮೈನರ್, ಡಿ ಮೈನರ್, ಇ ಸೆವೆಂತ್ ಹಿಡಿಯಿರಿ. ಜೊತೆಗಾರರೊಬ್ಬರಿಗೆ ಕಾರ್ಡ್ ಹೊಡೆಯೋಕೆ ಹೇಳಿ. ಎರಡೇ ಬೆರಳು ಬಳಸಿ. ಕಾರ್ಡ್ ಬದಲಾಗುವಾಗ ಒಂದು ಫ್ರೆಟ್ ಸರಿಯಿರಿ. ಆಮೇಲೆ ಜಾಗ ಬದಲಿಸಿಕೊಂಡು ಅವರಿಗೆ ನೀವು ಕಾರ್ಡ್ ಹೊಡೆಯಿರಿ, ಜೋಸೆಫ್ ಹೊಡೆದ ಹಾಗೆ.